ಇಬ್ಬರು ಕರೆವ್ವರ ಸುದ್ದಿ

ಶಿಗ್ಗಾಂವಿ
೯ ಫೆಬ್ರುವರಿ ೨೦೨೫

ಪ್ರೀತಿಯ ನೀಲಕ್ಕ,

ನಿನ್ನ ತಂಗಿಯ ನಮಸ್ಕಾರ. ಚಿಕ್ಕೇರೂರಿನಲ್ಲಿ ನೀವೆಲ್ಲ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಸಂಕ್ರಾಂತಿಗೇ ಬರೆಯಬೇಕಿತ್ತು. ಊರವರ ಸುದ್ದಿಯನ್ನೆಲ್ಲ ಬರೆಯುವವಳಿಗೆ ಅಕ್ಕನಿಗೆ ಬರೆಯಲು ಪುರಸೊತ್ತಿಲ್ಲವೇ ಎಂದು ಬೈಯಬೇಡ. ಈ ವಾರ ನಡೆದದ್ದು ಕೇಳಿದರೆ ಸಿಟ್ಟು ಇಳಿದೀತು.

ದುಂಡಸಿಯ ಕರೆವ್ವ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಸೋಬಾನೆ ಹಾಡಿದವರು? ಮಂಗಳವಾರ ಬೆಳಿಗ್ಗೆ ಎಲ್ಲರ ಮೊಬೈಲಿನಲ್ಲೂ ಅವರ ಫೋಟೋ, ಕೆಳಗೆ 'ಇನ್ನಿಲ್ಲ'. ಒಂದೆರಡು ಚಾನೆಲ್ಲಿನವರು ಶೋಕದ ಕೊಳಲು ಸೇರಿಸಿ ವಿಡಿಯೋ ಕೂಡ ಬಿಟ್ಟಿದ್ದರು. ನಮ್ಮ ವಾರಪತ್ರಿಕೆಯ ಸಂಪಾದಕರಾದ ಫಕ್ಕೀರೇಶ ಸರ್, "ಮುಖಪುಟದಾಗ ನಾಕು ಕಾಲಂ ಬಿಟ್ಟೇನಿ, ಲಗೂನ ಬರಿ" ಎಂದರು.

"ಮನೀಗೆ ಹೋಗಿ ಬಂದು ಬರೀತೇನ್ರಿ."

"ಎಲ್ಲಾರೂ ಹಾಕ್ಯಾರಲ್ಲವಾ!"

"ಹಾಕ್ಯಾರ್ರಿ. ಕಣ್ಣಾರೆ ನೋಡೇನಿ ಅಂದಾವ್ರು ಒಬ್ಬರೂ ಇಲ್ಲ."

ಮಾಲೆ ಕೊಂಡು ದುಂಡಸಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕರೆವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಾರೆ! "ಯಾಕವಾ ಮಾಲಿ ತಂದಿ? ನನಗ ಸನ್ಮಾನ ಐತೇನು?"

ತೊದಲುತ್ತ ವಿಷಯ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಓದು, ಓದು, ಏನೇನು ಬರದಾರ ಕೇಳೋಣು." ಓದಿದೆ. "ಎಂಬತ್ತಾರ? ನನಗಿನ್ನೂ ಎಪ್ಪತ್ತಾರು! ಸಾಯಿಸಿದ್ದಲ್ಲದ ಮುದುಕೀನೂ ಮಾಡ್ಯಾರ!" ಅಳಲು ಬಂದವರೆಲ್ಲ ಚಹಾ ಕುಡಿಯುತ್ತ ಕೂತರು. ಕರೆವ್ವ ಮಾಲೆ ಹಾಕಿಕೊಂಡೇ ಹಾಡಿದರು.

ಆಮೇಲೆ ಥಟ್ಟನೆ ನಿಲ್ಲಿಸಿ ಕೇಳಿದರು: "ಹಂಗಾದ್ರ ಸತ್ತಾಕಿ ಯಾರು?"

ಅದು ನನಗೆ ಹೊಳೆದೇ ಇರಲಿಲ್ಲ, ಅಕ್ಕ. ನಾಲ್ಕು ಮನೆ ವಿಚಾರಿಸಿದ ಮೇಲೆ ತಿಳಿಯಿತು: ಪಕ್ಕದ ಊರಿನಲ್ಲೂ ಒಬ್ಬ ಕರೆವ್ವ, ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸಿದವರು. ಸುದ್ದಿ ಅವರದು, ಫೋಟೋ ಇವರದು. ನಮ್ಮ ಕರೆವ್ವ ಕೊರಳಿನ ಮಾಲೆ ತೆಗೆದು, "ನಡಿ, ಇದು ಆಕಿಗೆ ಸೇರಬೇಕು" ಎಂದು ನನ್ನ ಜೊತೆ ಹೊರಟೇಬಿಟ್ಟರು.

ಆ ಮನೆಯಲ್ಲಿ ಮಗ ಹೊಳಬಸಪ್ಪ, "ನಮ್ಮವ್ವನ ಹೆಸರು ಪೇಪರಿನ್ಯಾಗ ಬರತೈತೇನ್ರಿ?" ಎಂದು ಮೂರು ಸಲ ಕೇಳಿದ. ಬಂತು. ಮುಖಪುಟದಲ್ಲಿ ಇಬ್ಬರಿಗೂ ಎರಡೆರಡು ಕಾಲಂ. ಸರ್ ಒಂದು ಅಕ್ಷರವನ್ನೂ ಹೊಡೆದುಹಾಕಲಿಲ್ಲ. ನಾನು ಮೊಬೈಲಿನಲ್ಲಿ ಹಿಡಿದ ನಮ್ಮ ಕರೆವ್ವನ ಬೊಚ್ಚುಬಾಯಿಯ ನಗೆ ಹಾನಗಲ್ಲು, ಸವಣೂರಿನವರೆಗೂ ಓಡಾಡುತ್ತಿದೆ. ನಿನ್ನೆ ರೇಡಿಯೋದವರು ಅವರನ್ನು ಹಾಡಲು ಕರೆದಿದ್ದಾರೆ. "ಜೀವಂತ ಅದೇನಿ ಅಂತ ಮೊದಲ ಹೇಳ್ತೇನಿ, ಆಮ್ಯಾಲ ಹಾಡು" ಅಂದರಂತೆ.

ಮಾವನವರಿಗೆ ನಮಸ್ಕಾರ. ರಾಜಶ್ರೀ ಪರೀಕ್ಷೆ ಚೆನ್ನಾಗಿ ಬರೆಯಲಿ, ಅವಳಿಗೆ ಚಿಕ್ಕಮ್ಮನ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಮಲ್ಲಿಕಾ

ತಾ.ಕ.: ಅಪ್ಪ ಹೋದ ಸುದ್ದಿಯನ್ನು ನೀನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ಯಾರು ಹಾಕಿದರೋ ಎಂದು ಮೂರು ವರ್ಷದಿಂದ ಕೇಳುತ್ತಿದ್ದೀಯ. ನಾನೇ, ಅಕ್ಕ. ಎಲ್ಲರಿಗಿಂತ ಮೊದಲು ಹಾಕುವ ಆತುರಕ್ಕೆ, ನಿನಗೆ ಫೋನ್ ಮಾಡುವ ಮುಂಚೆಯೇ ಹಾಕಿಬಿಟ್ಟೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ.