ಹೇಳಿ ಏಳಬೇಕಿತ್ತು

ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಅಂಟು,

ಅಕ್ಕನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಮಂಡಿಯೊಂದನ್ನು ಬಿಟ್ಟು. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಬರೀ ಬೈಗುಳ, ಇನ್ನೊಂದರಲ್ಲಿ ಬರೀ ಅಳು. ಇದನ್ನು ಸಾವಕಾಶವಾಗಿ ಓದು.

ನನ್ನ ಅಪೀಲು ವಜಾ ಆಗಿದ್ದು ನಿನಗೆ ಗೊತ್ತೇ ಇದೆ. ಕೋರ್ಟಿನಲ್ಲಿ ಹೆಸರು ಕೂಗಿದಾಗ ನಾನಿರಲಿಲ್ಲ, ನನ್ನ ವಕೀಲರು ಇನ್ನೊಂದು ಹಾಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹೀಗೇ ಬಿಟ್ಟರೆ ಕೆಳಗಿನ ಕೋರ್ಟಿನ ತೀರ್ಪೇ ಗಟ್ಟಿ. ಅಪ್ಪನ ಬೈಂಡಿಂಗ್ ಅಂಗಡಿ ಪೂರ್ತಿ ನಿನ್ನದಾಗುತ್ತದೆ, ನೀನು ಮಾರುತ್ತೀಯ, ಕೊಂಡವನು ಕೆಡವುತ್ತಾನೆ. ಅದಕ್ಕೇ ಅಪೀಲನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ ಎಂದು ಅರ್ಜಿ ಹಾಕುತ್ತಿದ್ದೇನೆ. ಅವತ್ತು ಯಾಕೆ ಬರಲಿಲ್ಲ ಎನ್ನುವುದಕ್ಕೆ ಸರಿಯಾದ ಕಾರಣ ಕೊಡಬೇಕಂತೆ.

"ಜ್ವರ ಅಂತ ಹಾಕೋಣಮ್ಮ, ಡಾಕ್ಟರ್ ಚೀಟಿ ಒಂದು ತನ್ನಿ" ಅಂದರು ವಕೀಲರು.

"ಜ್ವರ ಎಲ್ಲಿ ಬಂದಿತ್ತು? ಬಸ್ ಸ್ಟಾಪಲ್ಲಿ ತಮ್ಮನಿಗೆ ಕಾಯ್ತಿದ್ದೆ" ಅಂದೆ.

"ಯಾವ ತಮ್ಮ?"

"ಇನ್ಯಾವ ತಮ್ಮ, ನಮ್ಮ ಎದುರು ಪಾರ್ಟಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಾಪ, ಹೊಸಬರು. ಹಳೆಯ ವಕೀಲರಾಗಿದ್ದರೆ ನಗುತ್ತಿದ್ದರು. ಪ್ರತಿ ವಾಯಿದೆಗೂ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬೆಂಚಿನಲ್ಲಿ ಕೂತು, ನನ್ನ ಬುತ್ತಿಯನ್ನೇ ಹಂಚಿಕೊಂಡು ತಿನ್ನುತ್ತಿದ್ದದ್ದನ್ನು ಅವರು ನೋಡಿದ್ದರಲ್ಲ. "ನೀವಿಬ್ರೂ ಜಗಳಕ್ಕೆ ಬರ್ತೀರೋ ಪಿಕ್ನಿಕ್ಕಿಗೋ" ಅಂತ ಕೇಳುತ್ತಿದ್ದರು.

ಅವತ್ತು ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಫೋನು ಮಾಡಿದರೆ ನೀನು ಎತ್ತಲಿಲ್ಲ. ಹುಷಾರಿಲ್ಲವೇನೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ನಿನ್ನನ್ನು ಬಿಟ್ಟು ಬಸ್ಸು ಹತ್ತಲು ಮನಸ್ಸಾಗಲಿಲ್ಲ.

ಈ ಚಾಳಿ ಹತ್ತಿಸಿದವರು ಅಪ್ಪ. ನೆನಪಿದೆಯಾ, ಹೊಲಿಗೆಯ ಚೌಕಟ್ಟಿನ ಆಚೆ ನೀನು, ಈಚೆ ನಾನು? ಹಾಳೆಗಳ ಮಡಿಕೆಯೊಳಗಿಂದ ನಾನು ಸೂಜಿ ಚುಚ್ಚಬೇಕು, ನೀನು ಆಚೆಯಿಂದ ಎಳೆದು ವಾಪಸ್ ಕೊಡಬೇಕು. ಒಬ್ಬರು ಸುಮ್ಮನೆ ಎದ್ದು ಹೋದರೆ ದಾರ ಸಡಿಲಾಗಿ ಪುಸ್ತಕವೇ ಕೆಡುತ್ತಿತ್ತು. "ಹೇಳಿ ಏಳ್ರೋ" ಅಂತ ಅಪ್ಪ ಗೋಂದಿನ ಕೈಯಲ್ಲೇ ಮೊಟಕುತ್ತಿದ್ದರು. ನಿನ್ನ ಕೂದಲಲ್ಲಿ ಯಾವಾಗಲೂ ಗೋಂದು. ಬಿಡದೆ ನನ್ನ ಹಿಂದೆಯೇ ಸುತ್ತುತ್ತಿದ್ದೆ ಎಂದು ಅಂಟು ಅಂತ ಹೆಸರಿಟ್ಟವಳೂ ನಾನೇ. ಆ ಹಿಟ್ಟಿನ ಗೋಂದಿನ ವಾಸನೆ, ಮಧ್ಯಾಹ್ನದ ಬಿಸಿಲಲ್ಲಿ ಹಾರುತ್ತಿದ್ದ ಕಾಗದದ ಧೂಳು, ಕತ್ತರಿಸಿದ ಅಂಚುಗಳ ರಾಶಿಯ ಮೇಲೆ ನೀನು ನಿದ್ದೆ ಹೋಗುತ್ತಿದ್ದದ್ದು, ಎಲ್ಲ ನನಗೆ ಇವತ್ತಿಗೂ ಬೇಕು ಅನ್ನಿಸುತ್ತದೆ. ನಿನಗೆ ಅದು ಬರೀ ನಾಲ್ಕು ಗೋಡೆ ಆಗಿದ್ದು ಯಾವಾಗ, ನನಗೆ ತಿಳಿಯಲೇ ಇಲ್ಲ.

ಅರ್ಜಿಯಲ್ಲಿ ನಡೆದದ್ದನ್ನೇ ಬರೆಸಿದ್ದೇನೆ. ನೀನು ತಕರಾರು ಹಾಕುವುದಾದರೆ ಹಾಕು, ಅದು ನಿನ್ನ ಹಕ್ಕು. ನಾನು ಕಾದದ್ದು ಸುಳ್ಳು ಅಂತ ಮಾತ್ರ ನಿನ್ನ ವಕೀಲರ ಬಾಯಲ್ಲಿ ಹೇಳಿಸಬೇಡ.

ನಿನ್ನ ಹೆಂಡತಿ ಮಕ್ಕಳಿಗೆ ಒಳ್ಳೆಯದಾಗಲಿ. ನೀನೂ ನೂರು ಕಾಲ ಬಾಳು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ ನಿನ್ನ
ಅಕ್ಕ

ಮರೆತ ಮಾತು: ಕೋರ್ಟಿನಲ್ಲಿ ಹೆಸರು ಕೂಗುವವನು ನಿನ್ನೆ ಸಿಕ್ಕಿದ್ದ. ಅವತ್ತು ನೀನು ಮುಂಚಿನ ಬಸ್ಸಿಗೇ ಹೋಗಿ ನಮ್ಮ ಬೆಂಚಿನಲ್ಲಿ ಕೂತಿದ್ದೆಯಂತೆ. ಪಕ್ಕದ ಜಾಗದಲ್ಲಿ ಚೀಲ ಇಟ್ಟು, ಯಾರೋ ಕೂರಲು ಬಂದಾಗ "ಅಕ್ಕ ಬರ್ತಾಳೆ" ಅಂದೆಯಂತೆ. ಆಮೇಲೆ ಅವನು ನನ್ನ ಹೆಸರನ್ನು ಮೂರು ಸಲ ಕೂಗಿದನಂತೆ. ಅದೇ ಮಾತನ್ನು ಜಡ್ಜ್ ಮುಂದೆ ಇನ್ನೊಂದು ಸಲ ಹೇಳಲು ನಿನಗೆ ಬಾಯಿ ಬರಲಿಲ್ಲವೇನೋ, ಅಂಟು?