ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವರು

ದೊಡ್ಡಬಳ್ಳಾಪುರ
೧೨ ನವೆಂಬರ್ ೧೯೯೬

ಪ್ರಮೋದಕ್ಕಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಹೋಗಿ ಐದು ತಿಂಗಳಾಯಿತು. ನನ್ನ ತಪ್ಪನ್ನು ಅಮ್ಮನಿಗಾಗಲಿ ಭಾವನಿಗಾಗಲಿ ಹೇಳಲು ಬಾಯಿ ಬಂದಿಲ್ಲ. ಮೊದಲು ನಿನಗೇ ಹೇಳುತ್ತೇನೆ.

ನಮ್ಮ ಯುವಕರ ಸಂಘದ ರಕ್ತದಾನಿಗಳ ಪಟ್ಟಿ ನೆನಪಿದೆಯಲ್ಲ? ಮಗ್ಗದ ಮನೆಗಳಿಗೆ ನೀನೇ ಹೋಗಿ, ಆ ಸದ್ದಿನಲ್ಲಿ ಕೂಗಿ ಕೂಗಿ ಕೇಳಿ ಬರೆದುಕೊಂಡು ಬಂದದ್ದು. ಹುಟ್ಟಿದ ತಾರೀಖು ಅವರಲ್ಲಿ ಯಾರಿಗೆ ಗೊತ್ತು? ರಾಮಾಂಜಿನಪ್ಪನವರ ಹೆಸರಿನ ಮುಂದೆ ನೀನು ‘ಕೆರೆ ಕೋಡಿ ಬಿದ್ದ ವರ್ಷ’ ಎಂದು ಬರೆದಿದ್ದೆ. ಕಂಪ್ಯೂಟರಿಗೆ ತುಂಬುವಾಗ ನಾನು ರೇಗಿಸಿದರೆ ನೀನು, “ನಗ್ಬೇಡ ಕಣೋ ಅಂಬರೀಶ, ಅವ್ರಿಗೆ ಅದೇ ತಾರೀಖು. ನೀನು ಸುಳ್ಳು ತಾರೀಖು ಹಾಕ್ಬೇಡ, ನಾನು ಬರ್ದಂಗೇ ಹಾಕು” ಅಂದಿದ್ದೆ.

ಮೇ ತಿಂಗಳಲ್ಲಿ ಹಳೆಯ ಪ್ರೋಗ್ರಾಂ ತೆಗೆದು ಹೊಸದು ಹಾಕಿದೆ. ಅದಕ್ಕೆ ತಾರೀಖಿನ ಜಾಗದಲ್ಲಿ ತಾರೀಖೇ ಬೇಕು. ಪಟ್ಟಿ ತುಂಬಿಸಲು ಹೋದರೆ ಎರರ್ ಮೇಲೆ ಎರರ್. ಎರಡು ದಿನ ತಿಣುಕಿದೆ. ಮೂರನೆಯ ದಿನ ತಲೆಕೆಟ್ಟು, ಎರರ್ ಬಂದ ಹೆಸರುಗಳನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿದೆ. ನಲವತ್ತಮೂರು ಜನ ಹೊರಗುಳಿದರು. ಆಮೇಲೆ ಸೇರಿಸಿದರಾಯಿತು ಅಂದುಕೊಂಡು ಮರೆತೇಬಿಟ್ಟೆ.

ಜೂನ್‌ನಲ್ಲಿ ಹೆರಿಗೆಯಾಗಿ ನಿನಗೆ ರಕ್ತ ನಿಲ್ಲದಾಗ ಡಾಕ್ಟರು ಓ ನೆಗೆಟಿವ್ ಬೇಕೆಂದರು. ಸಂಘಕ್ಕೆ ಓಡಿ ಹುಡುಕಿದೆ. ಒಂದು ಹೆಸರೂ ಬರಲಿಲ್ಲ. ಆ ಪಟ್ಟಿಯನ್ನು ನಂಬಿಬಿಟ್ಟೆ ಅಕ್ಕಾ. ಬೆಂಗಳೂರಿಗೆ ಕಾರು ಕಳಿಸಿದೆವು. ಅದು ವಾಪಸು ಬರುವ ಹೊತ್ತಿಗೆ ನೀನಿರಲಿಲ್ಲ.

ತಿಥಿಗೆ ಬಂದ ರಾಮಾಂಜಿನಪ್ಪನವರು ನನ್ನ ಕೈ ಹಿಡಿದುಕೊಂಡು, “ನಂದೂ ಅದೇ ಗುಂಪು ಅಂತ ನಿಮ್ಮಕ್ಕಾನೇ ಬರ್ಕೊಂಡಿದ್ಲಲ್ಲಪ್ಪಾ. ಒಂದ್ ಮಾತು ಕೂಗಿದ್ರೆ ಮಗ್ಗ ನಿಲ್ಸಿ ಬಂದ್ಬಿಡ್ತಿದ್ದೆ” ಅಂದರು. ಅವರ ಮನೆ ಇರುವುದು ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ.

ಇವತ್ತು ನಿನ್ನ ನೋಟ್‌ಬುಕ್ ಮುಂದಿಟ್ಟುಕೊಂಡು ತಾರೀಖಿನ ಜಾಗದಲ್ಲಿ ಮಾತೂ ಹಿಡಿಸುವಂತೆ ಮಾಡಿದೆ. ನಲವತ್ತಮೂರು ಜನರನ್ನೂ ನೀನು ಬರೆದ ಹಾಗೆಯೇ ಸೇರಿಸಿದೆ. ಕೊನೆಗೆ, ದೊಡ್ಡವಳಾದ ಮೇಲೆ ಅವಳೂ ಕೊಡಲಿ ಎಂದು ನಿನ್ನ ಮಗಳ ಹೆಸರನ್ನೂ ಹಾಕಿದೆ, ಸ್ನೇಹ. ಅವಳದೂ ನಿನ್ನದೇ ಗುಂಪು. ಅವಳು ಹುಟ್ಟಿದ ತಾರೀಖನ್ನು ನಮ್ಮ ಮನೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕಂಪ್ಯೂಟರ್ ಒಂದೇ ಸಲಕ್ಕೆ ಒಪ್ಪಿಕೊಂಡಿತು.

ಈಗ ಎದ್ದು ಅಮ್ಮನ ಹತ್ತಿರ ಹೋಗುತ್ತೇನೆ, ಎಲ್ಲವನ್ನೂ ಹೇಳಲು. ನನ್ನನ್ನು ಕ್ಷಮಿಸು ಎನ್ನಲಾರೆ. ಮಗುವನ್ನು ಮಾತ್ರ ಅಲ್ಲಿಂದಲೇ ಹರಸು.

ನಿನ್ನ ಮಾತು ಕೇಳದ ತಮ್ಮ,
ಅಂಬರೀಶ