ರಿಂಗ್ ಸೀಳಿದ್ದು ಯಾಕೆ

ಅಪ್ಪಾ,

ನೀನು ಶಾಫ್ಟಿಗೆ ಬಿಗಿಯಾಗಿ ಕೂರಿಸುವಾಗ ಸೀಳಿತಲ್ಲ, ಆ ಉಕ್ಕಿನ ರಿಂಗಿಗೆ ನಾನೇ ಲೆಕ್ಕ ಹಾಕಿ ಬರೆದ ನಕ್ಷೆ ಇವತ್ತು ಮತ್ತೆ ನನ್ನ ಮೇಜಿಗೆ ಬಂತು. ಅದೇ ಅಳತೆ ಕೊಟ್ಟು ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದೆ. ಒಳಅಂಚೆಲ್ಲ ಕೆಂಪಾಯಿತು; ಲೋಹ ತಾಳಲಾರದಷ್ಟು ಒತ್ತಡ. ಯಾರು ಕೂರಿಸಿದ್ದರೂ ಅದು ಸೀಳುತ್ತಿತ್ತು.

"ತೂತು ಚಿಕ್ಕದಾಯ್ತು ಕಣಮ್ಮ, ಇನ್ನೊಂದು ಕೂದಲೆಳೆಯಷ್ಟು ಕೊರೀಬೇಕು" ಎಂದು ನೀನು ಮೊದಲೇ ಹೇಳಿದ್ದೆ. ನಿನ್ನ ಮಾತನ್ನು ಗಾಳಿಗೆ ತೂರಿ, 'ಫಿಟ್ಟರನ ತಪ್ಪು' ಎಂಬ ವರದಿಗೆ ಸಹಿ ಹಾಕಿದವಳು ನಾನು. ಮರುವಾರವೇ ನಿನ್ನನ್ನು ಕೆಲಸದಿಂದ ತೆಗೆದರು.

ಇವತ್ತು ವರದಿ ತಿದ್ದಿಕೊಟ್ಟೆ. "ಅವರೇ ಹೋದ್ಮೇಲೆ ಇದೆಲ್ಲ ಯಾಕಮ್ಮ?" ಎಂದರು ಮ್ಯಾನೇಜರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಕೊನೇವರೆಗೂ ತಮ್ಮ ಕೈಯನ್ನೇ ಬೈಕೋತಿದ್ರು ಕಣೆ. ಮಗಳು ಲೆಕ್ಕ ಹಾಕಿದಾಳೆ, ತಪ್ಪು ನನ್ನದೇ ಇರ್ಬೇಕು ಅಂತಿದ್ರು" ಎಂದಳು.